ಕೌದಿಯ ನಾಲ್ಕನೆಯ ಮೂಲೆ

ನಮ್ಮ ಜಿಲ್ಲೆ ಬದುಕಿದ್ದು ಮೂರು ವರ್ಷ ನಾಲ್ಕು ತಿಂಗಳು. ಅದಕ್ಕೆ ಮೊದಲು ನಾವು ಒಂದು ದೊಡ್ಡ ಜಿಲ್ಲೆಯ ಬಾಲದಲ್ಲಿದ್ದೆವು, ಆಮೇಲೆ ಇನ್ನೊಂದು ದೊಡ್ಡ ಜಿಲ್ಲೆಯ ಬಾಲಕ್ಕೆ ಹೋದೆವು. ನಡುವಿನ ಅಷ್ಟು ದಿನ ಮಾತ್ರ ನಮಗೂ ಒಂದು ತಲೆ ಅಂತ ಇತ್ತು. ಐದು ಊರು, ಐದು ಪುರಸಭೆ, ಮಿಕ್ಕಿದ್ದೆಲ್ಲ ಜೋಳದ ಹೊಲ. ಐದರಲ್ಲಿ ತೀರಾ ಸಣ್ಣ ಪುರಸಭೆ ನಮ್ಮೂರಿನದು, ಅದರ ಅಧ್ಯಕ್ಷೆ ನಾನು. ನಗಬೇಡಿ. ಹನ್ನೊಂದು ಸದಸ್ಯರಲ್ಲಿ ಹತ್ತು ಗಂಡಸರು ಒಬ್ಬರನ್ನೊಬ್ಬರು ಮೇಲೇಳಗೊಡಲಿಲ್ಲ, ಉಳಿದವಳು ನಾನೊಬ್ಬಳೇ. ನನ್ನ ಹೆಸರು ನಿಂಬೆವ್ವ. ಕೌದಿ ಹೊಲಿಯುವುದು ನನ್ನ ಕೆಲಸ. ಹಳೆಯ ಸೀರೆ, ಧೋತರ, ಅಂಗಿ ಏನೇ ತಂದುಕೊಡಿ, ಹದಿನೈದು ದಿನದಲ್ಲಿ ಹೊದೆಯಲು ಬೆಚ್ಚನೆಯ ಕೌದಿ ಮಾಡಿಕೊಡುತ್ತಿದ್ದೆ. ಆಗ ನನಗೆ ಮೂವತ್ತಾರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಲು ಬಂದವರು ನನ್ನ ಬಾಯಿಯ ರುಚಿ ನೋಡಿ, ಉತ್ತರ ಸಿಕ್ಕಿತು ಎಂದುಕೊಂಡು ಹೋಗುತ್ತಿದ್ದರು.

ಜಿಲ್ಲೆ ಹುಟ್ಟಿದ ದಿನ ಗಾಣದೂರಿನ ಹೈಸ್ಕೂಲು ಮೈದಾನದಲ್ಲಿ ಪೆಂಡಾಲು ಹಾಕಿ, ಬ್ಯಾಂಡು ತರಿಸಿ, ಐದೂ ಪುರಸಭೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹೊಸ ಜಿಲ್ಲಾಧಿಕಾರಿ ಇಂದುಧರ ಸಾಹೇಬರು ನಲವತ್ತರ ಆಸುಪಾಸಿನ ಸಣಕಲ ಮನುಷ್ಯ, ಮಾತಾಡಿದರೆ ಮೈಕಿಗೇ ಕೇಳುತ್ತಿರಲಿಲ್ಲ. ಅವರು ದಪ್ಪ ಪುಸ್ತಕದಲ್ಲಿ ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕಿದರು ನೋಡಿ, ಮೈದಾನದಲ್ಲಿದ್ದ ಅಷ್ಟೂ ಜನರ ನೆರಳು ಸರ್ರನೆ ತಿರುಗಿ ಅವರ ಕಡೆಗೆ ತಲೆ ಮಾಡಿ ಮಲಗಿತು. ಗಾಣದೂರಿನ ಪುರಸಭೆ ಅಧ್ಯಕ್ಷ ರಾಚೋಟಪ್ಪ ನನ್ನ ಪಕ್ಕದ ಕುರ್ಚಿಯಲ್ಲಿದ್ದ. ಎಂಟು ಎಣ್ಣೆಗಾಣದ ಧಣಿ. ತನ್ನ ನೆರಳು ತನ್ನನ್ನು ಕೇಳದೆ ವೇದಿಕೆ ಹತ್ತಿದ್ದನ್ನು ಕಂಡು, "ಏ ಇದರಪ್ಪನ, ಹೇಳ್ದ ಕೇಳ್ದ ಹೊಂಟತಲ್ಲ!" ಎಂದು ಅರ್ಧ ಎದ್ದು ನಿಂತ. ಬ್ಯಾಂಡಿನವರು ಮಾತ್ರ ಬಾರಿಸುವುದನ್ನು ನಿಲ್ಲಿಸಲಿಲ್ಲ. ಅದೇ ಹೊತ್ತಿಗೆ, ಹದಿನೆಂಟು ಮೈಲಿ ದೂರದ ನಮ್ಮೂರಲ್ಲಿ, ಮನೆ ಮುಂದಿನ ಬೇವಿನ ಮರದ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದ ನಮ್ಮವ್ವ ಫಕೀರವ್ವನ ನೆತ್ತಿಗೆ ಒಮ್ಮೆಲೇ ಬಿಸಿಲು ಬಿತ್ತಂತೆ. ಸಂಜೆ ನಾನು ಮನೆಗೆ ಬಂದಾಗಲೂ ಅವಳು ಮರಕ್ಕೆ ಬೈಯುತ್ತಲೇ ಇದ್ದಳು.

ಒಂದು ವಾರ ಜನ ಹೆದರಿದರು. ಆಮೇಲೆ ರೂಢಿಯಾಯಿತು. ಸೂರ್ಯ ಎಲ್ಲಾದರೂ ಇರಲಿ, ನೆರಳು ಸಾಹೇಬರು ಇದ್ದ ಕಡೆಗೆ, ಅಷ್ಟೇ ತಾನೆ? ಸಾಹೇಬರ ಜೀಪು ಗಾಣದೂರು ಬಿಟ್ಟು ಬಳೆಕಟ್ಟಿಯ ದಾರಿ ಹಿಡಿದರೆ ನಮ್ಮ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, "ಏಳ್ರಿ, ಸಾಹೇಬ್ರು ಹೊಂಟ್ರು" ಎಂದು ಯಾರಾದರೂ ಅನ್ನುತ್ತಿದ್ದರು. ಚಹಾದ ಕಪ್ಪು ಬಸಿ ಕೈಯಲ್ಲಿ ಹಿಡಿದುಕೊಂಡೇ ಎಲ್ಲರೂ ಎದ್ದು, ಮರದ ನೆರಳು ಜಾರಿದಷ್ಟು ದೂರ ಬೆಂಚನ್ನು ಕಾಲಿನಿಂದ ಸರಿಸಿ ಮತ್ತೆ ಕೂರುತ್ತಿದ್ದರು. ಮೆಣಸಿನಕಾಯಿ ಒಣಗಿಸುವವರು ಸಾಹೇಬರಿಗೆ ಬೆನ್ನು ಮಾಡಿದ ಗೋಡೆಯ ಹತ್ತಿರ ಒಣಗಿಸುವುದನ್ನು ಕಲಿತರು. ಕಚೇರಿಗಳಲ್ಲಿ ಗುಮಾಸ್ತರು ಕಿಟಕಿ ಸರಳಿನ ನೆರಳಿನ ಮೇಲೆ ಒಂದು ಕಣ್ಣಿಟ್ಟೇ ಎಲೆ ಅಡಿಕೆ ಹಾಕುತ್ತಿದ್ದರು. ಸರಳು ಅಲ್ಲಾಡತೊಡಗಿತು ಎಂದರೆ ಬಾಯಿ ತೊಳೆದು, ಫೈಲು ಬಿಚ್ಚಿ, ಕಣ್ಣಿಗೆ ಕನ್ನಡಕ ಏರಿಸಿ ಕೂತುಬಿಡುವರು. ನಮ್ಮ ಪುರಸಭೆಯ ಗುಮಾಸ್ತನಂತೂ, ಜೀಪು ಎಷ್ಟು ಮೈಲಿ ದೂರವಿದೆ ಎಂಬುದನ್ನು ನೆರಳು ತಿರುಗುವ ವೇಗದಲ್ಲೇ ಹೇಳುವಷ್ಟು ಪಳಗಿಬಿಟ್ಟಿದ್ದ.

ಆದರೆ ನಿಜವಾದ ಸುಖ ಕಂಡವರು ಬಡವರು. ಅಲ್ಲಿಯವರೆಗೆ ಸಾಹೇಬರು ಅನ್ನುವವರು ಯಾವ ಕಾಲದಲ್ಲಿ ಯಾರ ಕೈಗೆ ಸಿಕ್ಕಿದ್ದರು ಹೇಳಿ? ಮೀಟಿಂಗಿನಲ್ಲಿದ್ದಾರೆ, ಪ್ರವಾಸದಲ್ಲಿದ್ದಾರೆ, ನಾಳೆ ಬನ್ನಿ, ಸೋಮವಾರ ಬನ್ನಿ. ಈಗ ಆ ಮಾತೇ ಇಲ್ಲ. ನಮ್ಮ ಓಣಿಯ ಬಸಲಿಂಗವ್ವ ತನ್ನ ತಗಡಿನ ಮನೆಯ ಹಕ್ಕುಪತ್ರಕ್ಕಾಗಿ ಒಂಬತ್ತು ವರ್ಷ ಅಲೆದಿದ್ದವಳು. ಒಂದು ದಿನ ಅರ್ಜಿ ಸೆರಗಿಗೆ ಕಟ್ಟಿಕೊಂಡು ತನ್ನ ನೆರಳಿನ ಬೆನ್ನು ಹತ್ತಿ ನಡೆದಳು. ಹಳ್ಳ ದಾಟಿ, ಹೊಲ ದಾಟಿ, ಬಳೆಕಟ್ಟಿಯ ಪ್ರವಾಸಿ ಮಂದಿರದ ಹಿತ್ತಲಿಂದ ಒಳಗೆ ಹೋಗಿ, ಸಾಹೇಬರು ಊಟಕ್ಕೆ ಕೂತ ತಟ್ಟೆಯ ಮುಂದೆಯೇ ನಿಂತಳಂತೆ. "ನನ್ನ ನೆಳ್ಳ ಇಲ್ಲಿಗೇ ಬಿಟ್ಟಿತ್ರಿ ಯಪ್ಪಾ, ನಂದೇನ್ ತಪ್ಪಿಲ್ಲ" ಅಂದಳಂತೆ. ಸಾಹೇಬರು ಎಡಗೈಯಿಂದಲೇ ಸಹಿ ಮಾಡಿಕೊಟ್ಟರು. ಆ ಮೂರು ವರ್ಷದಲ್ಲಿ ನಮ್ಮ ಐದೂ ಊರಿನಲ್ಲಿ ಅರ್ಜಿ ಇಟ್ಟುಕೊಂಡು ಕೊರಗಿದವರು ಕಡಿಮೆ. ಅದಕ್ಕೇ ಆ ಜಿಲ್ಲೆಯ ಮೇಲೆ ನಮಗೆ ಅಷ್ಟು ಜೀವ.

ಒಂದೇ ಒಂದು ಮುಳ್ಳು ಉಳಿದಿತ್ತು, ಜಿಲ್ಲಾ ಕೇಂದ್ರ ಯಾವ ಊರು ಅನ್ನುವುದು. ಗಾಣದೂರಿನವರು ನಮಗೇ ಬೇಕು ಎಂದರು. ಬಳೆಕಟ್ಟಿಯವರು ಕೊಟ್ಟರೆ ರೈಲು ತಡೆಯುತ್ತೇವೆ ಎಂದರು, ರೈಲು ಇರಲಿಲ್ಲ ಅನ್ನುವುದು ಬೇರೆ ಮಾತು. ತೀರ್ಮಾನ ಆಗುವವರೆಗೆ ಸಾಹೇಬರು ಒಂದೊಂದು ಊರಲ್ಲಿ ಒಂದೊಂದು ವಾರ ಇರಬೇಕೆಂದು ಆದೇಶ ಬಂತು. ಜನ ದಿನಾ ಬೆಳಗಾದರೆ ನೆರಳು ನೋಡಿ ಲೆಕ್ಕ ಹಾಕುವರು: ಈ ವಾರ ಬಳೆಕಟ್ಟಿಯಲ್ಲಿ ಒಂದು ದಿನ ಜಾಸ್ತಿ ಉಳಿದರಲ್ಲ, ಯಾಕೆ? ಗಾಣದೂರಿಗೆ ಅರ್ಧ ದಿನ ಮೊದಲೇ ಹೋದರಲ್ಲ, ಏನು ಕತೆ? ಬೀಗರ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು, ಹೆಣ ಹೊತ್ತು ಹೋಗುವಾಗಲೂ ಅದೇ ಮಾತು.

ಪಾಪ, ಸಾಹೇಬರ ಕಷ್ಟ ಯಾರಿಗೂ ತಿಳಿಯಲಿಲ್ಲ. ಎಲ್ಲರ ನೆರಳೂ ಅವರ ಕಡೆಗೆ, ಅವರಿಗೆ ಮಾತ್ರ ನೆರಳೇ ಇಲ್ಲ. ಉರಿಬಿಸಿಲಲ್ಲಿ ನಿಂತರೂ ಕಾಲಡಿ ನೆಲ ಬೋಳು ಬೋಳು. ಸಭೆಯಲ್ಲಿ ನಮ್ಮೆಲ್ಲರ ನೆರಳು ಅವರ ಮೊಣಕಾಲಿನವರೆಗೆ ಹತ್ತುವಾಗ ಅವರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳುತ್ತಿದ್ದರು. ಅವರ ಜೀಪಿನ ಚಾಲಕ ಮೌಲಾಸಾಬ ನನಗೆ ಹೇಳುತ್ತಿದ್ದ, "ಅಕ್ಕಾರ, ಸಾಹೇಬ್ರು ಒಂದ್ ಪೇರಲ ಹಣ್ಣು ತಗೊಳ್ಳಾಕ ದಾರ್ಯಾಗ ಇಳದ್ರ ಐದು ಊರಿಗೆ ಗೊತ್ತಾಗ್ತೈತ್ರಿ. ಮನಶ್ಯಾಗ ಒಂದೀಟು ಮರೆ ಬೇಕಲ್ರಿ?" ಇನ್ನೊಂದು ವಿಚಿತ್ರ ಕೇಳಿ. ಜನ ಯಾವಾಗಲೂ ನೆಲ ನೋಡಿ ಸಾಹೇಬರನ್ನು ಗುರುತಿಸುತ್ತಿದ್ದರಿಂದ ಅವರ ಮುಖ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಎಡಗಡೆಯ ಹುಬ್ಬಿನಲ್ಲಿ ಒಂದು ಬಿಳಿಕೂದಲು, ನಗು ಬಂದರೆ ಕೆಳತುಟಿ ಕಚ್ಚಿ ತಡೆಯುವ ಅಭ್ಯಾಸ. ಯಾಕೆ ಅಷ್ಟು ನೋಡಿದೆ ಎಂದು ನನ್ನನ್ನು ಕೇಳಬೇಡಿ.

ಮೂರನೆಯ ವರ್ಷದ ಚಳಿಗಾಲದಲ್ಲಿ ಅವರು ನಮ್ಮ ಪುರಸಭೆಗೆ ತಪಾಸಣೆಗೆ ಬಂದಾಗ, ಬೆತ್ತ ಹರಿದುಹೋಗಿದ್ದ ಅಧ್ಯಕ್ಷರ ಕುರ್ಚಿಯ ಮೇಲೆ ನಾನು ಹಾಸಿದ್ದ ಕೌದಿಯನ್ನು ಮುಟ್ಟಿ ನೋಡಿ, "ಇದು ನೀವೇ ಹೊಲಿದಿದ್ದಾ?" ಎಂದು ಕೇಳಿದರು.

"ಹೌದ್ರಿ. ಯಾಕ್ರಿ, ಸರ್ಕಾರಿ ಕುರ್ಚಿಗೆ ಕೌದಿ ಹಾಸಿದ್ರ ತಪ್ಪಾಗ್ತೈತೇನ್ರಿ?"

"ತಪ್ಪಲ್ಲ. ನನಗೆ ವಾರಕ್ಕೊಂದು ಊರು, ವಾರಕ್ಕೊಂದು ಹಾಸಿಗೆ. ಮೂರು ವರ್ಷದಿಂದ ಸರಿಯಾಗಿ ನಿದ್ದೆ ಬಂದಿಲ್ಲ. ನಮ್ಮಮ್ಮನ ಹಳೇ ಸೀರೆ ಎರಡಿದೆ. ಹೊಲಿದುಕೊಡ್ತೀರಾ?"

ಹೊಲಿದೆ. ಹದಿನೈದು ದಿನದ ಕೆಲಸಕ್ಕೆ ಎರಡು ತಿಂಗಳು ತೆಗೆದುಕೊಂಡೆ. ಒಂದು ನೀಲಿ ಇಳಕಲ್ಲು, ಒಂದು ತಿಳಿಹಸಿರಿನ ನೂಲಿನ ಸೀರೆ. ತುಂಡು ತುಂಡಾಗಿ ಜೋಡಿಸಿ, ನಡುವೆ ಐದು ಊರಿನ ಲೆಕ್ಕಕ್ಕೆ ಐದು ಕೆಂಪು ಚೌಕ ಇಟ್ಟೆ. ನಮ್ಮೂರಿನದು ಮಾತ್ರ ಒಂದು ಬೆರಳು ದೊಡ್ಡದಾಗಿತ್ತು, ಅದೂ ಬೇಕೆಂದೇ. ನಮ್ಮೂರಿನ ಪದ್ಧತಿ ಹೀಗಿದೆ: ಹೊಲಿಯುವವಳು ಕೌದಿಯ ಮೂರು ಮೂಲೆ ಮುಚ್ಚುತ್ತಾಳೆ. ನಾಲ್ಕನೆಯದನ್ನು ಹೊದೆಯುವವರೇ ಬಂದು ಕೂತು ಹೊಲಿಯಬೇಕು, ಇಲ್ಲದಿದ್ದರೆ ಅದು ಮೈಗೆ ಹತ್ತುವುದಿಲ್ಲ. ಅವರು ಬಾರದೇ ಹೋದರೆ ಹೊಲಿದವಳೇ ಆ ಮೂಲೆ ಮುಚ್ಚಿ ಕೌದಿ ತಾನೇ ಇಟ್ಟುಕೊಳ್ಳುತ್ತಾಳೆ. ಇದನ್ನು ಮೌಲಾಸಾಬನ ಕೈಯಲ್ಲಿ ಹೇಳಿ ಕಳಿಸಿದೆ.

ಒಂದು ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಸಾಹೇಬರು ನಮ್ಮ ಮನೆಗೆ ಬಂದರು. ಅವ್ವ ಚಾಪೆ ಹಾಸಿ, ಚಹಾ ಕೊಟ್ಟು, ಪಕ್ಕದ ಮನೆಗೆ ಹೋಗಿ ಕೂತುಬಿಟ್ಟಳು. ಅವಳೇನು ದಡ್ಡಿಯಲ್ಲ. ಸೂಜಿಗೆ ದಾರ ಪೋಣಿಸುವುದಕ್ಕೇ ಸಾಹೇಬರಿಗೆ ಕಾಲು ಗಂಟೆ ಹಿಡಿಯಿತು. ನಾನು ಪೋಣಿಸಿಕೊಡುತ್ತೇನೆ ಎಂದರೆ ಬೇಡ ಎಂದರು. ನಾಲ್ಕು ಹೊಲಿಗೆ ಹಾಕುವರು, ಸೊಟ್ಟವಾಯಿತು ಎಂದು ಬಿಚ್ಚುವರು. ಮತ್ತೆ ನಾಲ್ಕು, ಮತ್ತೆ ಬಿಚ್ಚುವರು. ಒಂದು ತಾಸಾಯಿತು, ಎರಡಾಯಿತು. ಎಷ್ಟೇ ಕೈ ಬಾರದ ಗಂಡಸಾದರೂ ಒಂದು ಮೂಲೆ ಹೊಲಿಯಲು ಅರ್ಧ ಗಂಟೆ ಸಾಕು. ಬೇಕೆಂದೇ ಬಿಚ್ಚುತ್ತಿದ್ದಾರೆ ಎಂದು ನನಗೆ ತಿಳಿಯಿತು. ತಿಳಿದು ನನಗೆ ಎಷ್ಟು ಸಂತೋಷವಾಯಿತೆಂದರೆ, ಎದ್ದು ಒಳಗೆ ಹೋಗಿ ನೀರಿನ ಹಂಡೆಯ ಮುಂದೆ ನಿಂತು ಒಬ್ಬಳೇ ನಕ್ಕು ಬಂದೆ.

"ಆರು ತಿಂಗಳಿಂದ ಈ ಓಣಿಗೆ ಬರಬೇಕು ಅಂತಿದ್ದೆ," ಎಂದರು ಸಾಹೇಬರು, ಕಣ್ಣು ಸೂಜಿಯ ಮೇಲೆಯೇ ಇತ್ತು. "ಜೀಪು ಈ ಕಡೆ ತಿರುಗಿಸಿದರೆ ಇಡೀ ಜಿಲ್ಲೆ ಈ ಕಡೆ ತಿರುಗುತ್ತೆ. ನಾನಾದ್ರೆ ವರ್ಗ ಆಗಿ ಹೋಗೋನು, ನೀವು ಇಲ್ಲೇ ಇರೋರು. ಅದಕ್ಕೇ ಬರ್ಲಿಲ್ಲ. ಈಗ ಕೌದಿ ನೆಪ ಸಿಕ್ತು. ನಿಂಬೆವ್ವ, ನಾನು ನಿಮ್ಮನ್ನ ಒಂದು ಮಾತು..."

ಅಷ್ಟರಲ್ಲಿ ಹೊರಗೆ ಹಲಗೆ ಬಾರಿಸುವ ಸದ್ದು ಕೇಳಿತು. ಬಾಗಿಲಿಗೆ ಬಂದು ನೋಡಿದರೆ ಓಣಿಯ ತುಂಬ ಜನ. ಮುಂದೆ ರಾಚೋಟಪ್ಪ, ಹಿಂದೆ ಟ್ರ್ಯಾಕ್ಟರು ಟ್ರೇಲರು ಹತ್ತಿ ಬಂದ ಗಾಣದೂರಿನ ಮುನ್ನೂರು ಗಂಡಸರು, ಅವರ ಹಿಂದೆ ಸೈಕಲ್ಲಿನಲ್ಲಿ ಬಳೆಕಟ್ಟಿಯವರು. ಮೂರು ತಾಸಿನಿಂದ ಐದೂ ಊರಿನ ನೆರಳು ಒಂದು ಕೂದಲೆಳೆಯಷ್ಟೂ ಅಲ್ಲಾಡದೆ ನಮ್ಮ ಮನೆಗೆ ಗುರಿಯಿಟ್ಟು ನಿಂತಿತ್ತಲ್ಲ, ಅವರಿಗೆಲ್ಲ ಒಂದೇ ಅರ್ಥ ಹೊಳೆದಿತ್ತು. "ಜಿಲ್ಲಾ ಕೇಂದ್ರ ಕದ್ದು ಕೊಡಾಕತ್ತಾರ!" ಎಂದು ರಾಚೋಟಪ್ಪ ಕೂಗಿದ. "ಆಫೀಸಿನ್ಯಾಗ ಅಲ್ಲ, ಸಭಾದಾಗ ಅಲ್ಲ, ಅಧ್ಯಕ್ಷಿ ಮನ್ಯಾಗ ಕುಂತು ನಕಾಶಿ ಬರದು ಮುಗಿಸ್ಯಾರ! ನ್ಯಾಯ ಬೇಕು!" ಹಿಂದಿನವರು ನ್ಯಾಯ ಬೇಕು ಎಂದರು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮುನ್ನೂರು ಜನರಲ್ಲಿ ಒಬ್ಬನಿಗಾದರೂ, ಒಬ್ಬ ಗಂಡಸು ಒಬ್ಬ ಹೆಂಗಸಿನ ಮನೆಗೆ ಬಂದು ಕೂರಲು ಬೇರೆ ಕಾರಣವೂ ಇರಬಹುದು ಎಂದು ಹೊಳೆಯಬಾರದೇ! ಸಾಹೇಬರು ಸೂಜಿಯನ್ನು ಕೌದಿಗೇ ಚುಚ್ಚಿಟ್ಟು ಹೊರಗೆ ಹೋದರು. ಕೈ ಮುಗಿದು ಸಮಾಧಾನ ಹೇಳಿದರು, ಯಾರಿಗೂ ಕೇಳಲಿಲ್ಲ. ನಾಲ್ಕನೆಯ ಮೂಲೆ ಅರ್ಧಕ್ಕೇ ನಿಂತಿತು.

ಮರುದಿನದಿಂದ ಸರ್ಕಾರಕ್ಕೆ ದೂರಿನ ಸುರಿಮಳೆ. ರಾಜಧಾನಿಯಿಂದ ಸಾಹೇಬರಿಗೆ ಕರೆ ಬಂತು, ಅವರು ಜೀಪು ಹತ್ತಿ ದಕ್ಷಿಣಕ್ಕೆ ಹೋದರು. ಐದೂ ಊರಿನ ನೆರಳು ದಕ್ಷಿಣಕ್ಕೆ ಕೈಚಾಚಿ ಮಲಗಿತು. ಅವರ ಬದಲಿಗೆ ವಿಚಾರಣೆಗೆ ಬಂದವರು ಒಬ್ಬ ಮುದಿ ಆಯುಕ್ತರು. ಅವರ ಮಾತು ನೇರವಾಗಿತ್ತು. ಆ ಬುಧವಾರದ ಮೂರು ತಾಸು ಏನು ನಡೆಯಿತು ಎಂಬುದಕ್ಕೆ ಒಪ್ಪುವಂಥ ವಿವರಣೆ ಸಿಕ್ಕಿ, ಉಳಿದ ನಾಲ್ಕು ಪುರಸಭೆ ದೂರು ಹಿಂದಕ್ಕೆ ಪಡೆದರೆ ಜಿಲ್ಲೆ ಉಳಿಯುತ್ತದೆ. ಇಲ್ಲವಾದರೆ, ಕಿತ್ತಾಡುವವರಿಗೆ ಜಿಲ್ಲೆ ಯಾಕೆ, ರದ್ದು. ಐದೂ ಪುರಸಭೆಗಳ ಜಂಟಿ ಸಭೆ ನಮ್ಮೂರಲ್ಲೇ ಎಂದು ಗೊತ್ತಾಯಿತು.

ಸಭೆಯ ಹಿಂದಿನ ಸಂಜೆ ನಾನು ಅವ್ವನಿಗೆ ಹೇಳಿದೆ, "ಅವ್ವಾ, ನಾಳೆ ಸಭಾದಾಗ ಇದ್ದದ್ದು ಇದ್ದಂಗ ಹೇಳಾಕಿ ನಾ."

"ಹೇಳಿದ್ರ ಮಂದಿ ಆಡಕೋತಾರ."

"ಹೇಳದಿದ್ರ ಜಿಲ್ಲಾ ಹೋಗ್ತೈತಿ. ಬಸಲಿಂಗವ್ವನಂಥಾರು ಮತ್ತ ಬಾಗಲಾ ಬಾಗಲಾ ತಿರಗ್ಬೇಕು. ನನ್ನ ಒಂದ್ ಕೌದಿ ಸಲುವಾಗಿ."

ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಖರೆ ಹೇಳು. ಅಂವ ನಿನಗ ಬೇಕೇನ?"

"ಬೇಕವ್ವ." ನನ್ನ ಬಾಯಿಂದ ಅಷ್ಟು ಸಣ್ಣ ಮಾತು ಅದೇ ಮೊದಲು ಬಂದದ್ದು.

"ಹಂಗಾದ್ರ ಅದನ್ನೂ ಹೇಳು. ಅರ್ಧಾ ಹೇಳಬ್ಯಾಡ."

ಸಭೆಗೆ ಅರವತ್ತು ಸದಸ್ಯರು ಬಂದಿದ್ದರು. ಕುರ್ಚಿ ಸಾಲದೆ ಕಿಟಕಿಯ ಮೇಲೂ ಕೂತಿದ್ದರು. ನಾನು ಕೌದಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದೆ. ಎದ್ದು ನಿಂತೆ. "ಆಯುಕ್ತರ, ಸದಸ್ಯರ, ಆವತ್ತ ನಮ್ಮನ್ಯಾಗ ಯಾವ ನಕಾಶಿನೂ ಬರದಿಲ್ಲ. ಸಾಹೇಬ್ರು ಕೌದಿ ಮೂಲಿ ಹೊಲ್ಯಾಕ ಬಂದಿದ್ರು. ಮೂರ್ ತಾಸು ಹೊಲದು ಬಿಚ್ಚಿದ್ರು, ಹೊಲದು ಬಿಚ್ಚಿದ್ರು. ಅವ್ರು ಬಂದದ್ದು ಜಿಲ್ಲಾ ಕೇಂದ್ರದ ಸಲುವಾಗಿ ಅಲ್ಲ, ನನ್ನ ಸಲುವಾಗಿ. ಹಂಗಂತ ಅವ್ರು ಬಾಯಿಬಿಟ್ಟು ಹೇಳಿಲ್ಲ, ಹೇಳಾಕ ನೀವು ಬಿಡ್ಲಿಲ್ಲ. ಅವ್ರ ಮನಸ್ನ್ಯಾಗ ಏನೈತೋ ನನಗ ಪೂರಾ ಗೊತ್ತಿಲ್ಲ. ನನ್ನ ಮನಸ್ನ್ಯಾಗ ಅವ್ರು ಅದಾರ. ಇಷ್ಟ ಖರೆ. ಬರಕೋರಿ."

ಮಾತು ಮುಗಿಸಿ ಕೂತೆ. ಆಯಿತು, ಎಲ್ಲ ಉಳಿಯಿತು ಎಂದುಕೊಂಡೆ. ಆಗ ರಾಚೋಟಪ್ಪನ ಹೊಟ್ಟೆ ಕುಲುಕತೊಡಗಿತು. "ಅಧ್ಯಕ್ಷಿಬಾಯಾರ, ನಮ್ಮನ್ನೇನು ಸಣ್ಣ ಹುಡುಗ್ರು ಅಂತ ತಿಳದೀರೇನ್ರಿ? ಸರ್ಕಾರಿ ಮನಶ್ಯಾ ಮೂರ್ ತಾಸು ಕುಂತು ಕೌದಿ ಹೊಲದನಂತ! ಅರ್ಜಿ ಓದಂದ್ರ ಮೂರ್ ಮಿನೀಟು ಕೂಡಂಗಿಲ್ಲ ಅವ್ರು!" ಇಡೀ ಸಭೆ ಮೇಜು ಕುಟ್ಟಿ ನಕ್ಕಿತು. ಬಳೆಕಟ್ಟಿಯ ಒಬ್ಬ ಸದಸ್ಯ ಎದ್ದು, "ಜಿಲ್ಲಾ ಕೇಂದ್ರದ ಸಲುವಾಗಿ ಹೆಣ್ಮಗಳು ಮಾನ ಒತ್ತಿ ಇಟ್ಟಾಳಂದ್ರ, ಒಳಗ ಎಷ್ಟ ದೊಡ್ಡ ಮಸಲತ್ತು ಇರಬೇಕು!" ಎಂದ. ಅದಕ್ಕೆ ಇನ್ನೂ ಜೋರಾಗಿ ಹೌದು ಹೌದು ಎಂದರು. ನಾನು ಕೌದಿ ಬಿಚ್ಚಿ ಆ ಸೊಟ್ಟ ಹೊಲಿಗೆ ತೋರಿಸಿದೆ. ಆಯುಕ್ತರು ಕನ್ನಡಕ ಹಣೆಗೇರಿಸಿ, ಮೂಲೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಇದರಲ್ಲಿ ಸಹಿ ಇಲ್ಲ, ದಿನಾಂಕವೂ ಇಲ್ಲ. ಸಾಕ್ಷಿ ಅಂತ ಹೇಗೆ ತಗೊಳ್ಳೋದಮ್ಮ?" ಎಂದರು. ಜೀವಮಾನದಲ್ಲಿ ಒಮ್ಮೆ ನಾಚಿಕೆ ಬಿಟ್ಟು ಮನಸ್ಸು ಬಿಚ್ಚಿದ್ದೆ, ಅದನ್ನೂ ಇವರು ರಾಜಕೀಯ ಎಂದರಲ್ಲ! ಕೋಪಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಗುಮಾಸ್ತ ನಡಾವಳಿ ಬರೆದ. ನಿರ್ಣಯ ಸಂಖ್ಯೆ ಹದಿನೇಳು: ಅಧ್ಯಕ್ಷೆಯವರು ನೀಡಿದ ವಿವರಣೆ ತೃಪ್ತಿಕರವಾಗಿಲ್ಲವೆಂದು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು. ನಮ್ಮ ಐದು ಊರು ಒಂದೇ ಮಾತಿಗೆ ಬಂದದ್ದು ಆ ಜಿಲ್ಲೆಯ ಆಯುಷ್ಯದಲ್ಲಿ ಅದೊಂದೇ ಸಲ.

ಹದಿನೈದು ದಿನದಲ್ಲಿ ಆದೇಶ ಬಂತು. ಜಿಲ್ಲೆ ರದ್ದು. ಐದು ಪುರಸಭೆಯಲ್ಲಿ ಮೂರು ಉಳಿದವು, ನಮ್ಮದು ಪಂಚಾಯಿತಿಯಾಯಿತು, ನನ್ನ ಕುರ್ಚಿ ಹೋಯಿತು. ಆದೇಶ ಜಾರಿಯಾದ ದಿನ ಬೆಳಿಗ್ಗೆ ಹತ್ತು ಗಂಟೆಗೆ ನಾನು ಅಂಗಳದಲ್ಲಿ ನಿಂತಿದ್ದೆ. ಅಲ್ಲಿಯವರೆಗೆ ನನ್ನ ನೆರಳು ದಕ್ಷಿಣಕ್ಕಿತ್ತು. ಅವರು ಅಲ್ಲೆಲ್ಲೋ ಇದ್ದಾರೆ, ಈ ದಿಕ್ಕಿಗೆ ನಡೆದರೆ ಸಿಗುತ್ತಾರೆ ಎಂದು ದಿನಾ ಅದನ್ನು ನೋಡಿಕೊಂಡೇ ಕೆಲಸ ಶುರುಮಾಡುತ್ತಿದ್ದೆ. ಹತ್ತು ಹೊಡೆಯಿತು. ನೆರಳು ಒಮ್ಮೆ ಸಣ್ಣಗೆ ಅದುರಿ, ಎಲ್ಲರ ನೆರಳಿನ ಜೊತೆಗೆ ಪಶ್ಚಿಮಕ್ಕೆ ಹೊರಳಿ, ಸೂರ್ಯ ಹೇಳಿದಲ್ಲಿ ಬಿದ್ದುಕೊಂಡಿತು. ನಾನು ಅದನ್ನು ಕಾಲಿನಿಂದ ಒದ್ದೆ. ಬೇವಿನ ಮರದ ಕೆಳಗೆ ಅವ್ವ, "ಅಂತೂ ಬಂತಪ್ಪ ನನ್ನ ನೆಳ್ಳು" ಎನ್ನಲು ಬಾಯಿ ತೆರೆದವಳು ನನ್ನ ಮುಖ ನೋಡಿ ಎದ್ದು ಒಳಗೆ ಹೋದಳು.

ಜನರಿಗೆ ಪೇಚಾಟ ಶುರುವಾಯಿತು. ಚಹಾದಂಗಡಿಯವರು ಬೆಂಚನ್ನು ಸರಿಸುವುದು ಮರೆತು ಬಿಸಿಲಿಗೆ ಕೂತರು. ಬಸಲಿಂಗವ್ವ ವಿಧವಾ ವೇತನದ ಅರ್ಜಿ ಹಿಡಿದು ನೆರಳಿನ ಹಿಂದೆ ಹೋಗಿ, ಸಂಜೆ ಹೊತ್ತಿಗೆ ಒಂದು ಸುತ್ತು ಹಾಕಿ ತನ್ನ ಮನೆಗೇ ಬಂದು ತಲುಪಿದಳು. ಗಾಣದೂರಿನ ರಾಚೋಟಪ್ಪ ಎರಡು ವಾರಕ್ಕೇ ಹಣೆ ಚಚ್ಚಿಕೊಂಡು, "ನಿಮ್ಮೂರಾಗರ ಜಿಲ್ಲಾ ಕೇಂದ್ರ ಆಗಿದ್ರ ಛಲೋ ಇತ್ತವ್ವ, ಜಿಲ್ಲಾ ಆದ್ರೂ ಉಳೀತಿತ್ತು" ಎಂದು ಹೇಳಿ ಕಳಿಸಿದ. ನನಗೆ ಯಾವುದೂ ಬೇಕಾಗಿರಲಿಲ್ಲ. ಸಾಹೇಬರ ಪತ್ತೆ ಇಲ್ಲ, ಒಂದು ಕಾಗದವಿಲ್ಲ. ಅವರನ್ನು ಎಲ್ಲಿಗೆ ಹಾಕಿದರು ಎಂದು ಹೇಳುವವರಿಲ್ಲ. ಮೂರು ವರ್ಷ ಅವರು ಎಲ್ಲಿದ್ದರೂ ನನಗೆ ಕಾಲಡಿಯಲ್ಲೇ ಗೊತ್ತಾಗುತ್ತಿತ್ತು. ಈಗ ಕುರುಡಿಯಾಗಿಬಿಟ್ಟಿದ್ದೆ. ಇಪ್ಪತ್ತು ದಿನ ಕಾದೆ. ಇಪ್ಪತ್ತೊಂದನೆಯ ದಿನ ನನಗೆ ನನ್ನ ಮೇಲೇ ರೇಗಿತು. ಒಬ್ಬ ಗಂಡಸು ಮೂರು ಗಂಟೆ ಸೊಟ್ಟ ಹೊಲಿಗೆ ಹಾಕಿದ ಎಂದು ಊರ ಮುಂದೆ ಮಾನ ಹರಾಜು ಹಾಕಿಕೊಂಡೆಯಲ್ಲೇ ಹುಚ್ಚಿ! ಅವನಿಗೆ ಬೇಕಿದ್ದರೆ ಬರುತ್ತಿರಲಿಲ್ಲವೇ?

ಇಪ್ಪತ್ತೆರಡನೆಯ ದಿನ ಇಳಿಹೊತ್ತಿನಲ್ಲಿ ಕೌದಿ ತೆಗೆದು ಅಂಗಳದಲ್ಲಿ ಹರಡಿ, ಬಾಗಿಲಿಗೆ ಮುಖ ಮಾಡಿ, ಓಣಿಗೆ ಬೆನ್ನು ಹಾಕಿ ಕೂತೆ. ಇವತ್ತು ನಾನೇ ಮೂಲೆ ಮುಚ್ಚುತ್ತೇನೆ, ಕೌದಿ ನನ್ನದು, ಕತೆ ಮುಗಿಯಿತು. ಅವರ ಸೂಜಿ ಚುಚ್ಚಿದಲ್ಲೇ ತುಕ್ಕು ಹಿಡಿದಿತ್ತು. ಅದನ್ನು ಕಿತ್ತು ಪಕ್ಕಕ್ಕಿಟ್ಟು ನನ್ನ ಸೂಜಿಗೆ ಕೆಂಪು ದಾರ ಪೋಣಿಸಿದೆ. ಅವರ ಸೊಟ್ಟ ಹೊಲಿಗೆ ಬಿಚ್ಚಲು ಕೈ ಹೋಯಿತು, ಬಿಚ್ಚಲಾಗಲಿಲ್ಲ. ಇರಲಿ, ಅದರ ಪಕ್ಕದಿಂದ ಹೊಲಿದರಾಯಿತು ಎಂದು ಸೂಜಿ ಇಟ್ಟೆ. ಅಷ್ಟರಲ್ಲಿ ಹಿಂದಿನಿಂದ ಒಂದು ನೆರಳು ಬಂದು ಸರಿಯಾಗಿ ಆ ಮೂಲೆಯ ಮೇಲೆ ಬಿತ್ತು. ಉದ್ದನೆಯ, ಸಣಕಲ ನೆರಳು.

"ಯಾರದು, ಬೆಳಕಿಗೆ ಅಡ್ಡ ನಿಂತಾರು?" ಎಂದು ತಿರುಗದೆಯೇ ಗದರಿದೆ. "ಹೊಲ್ಯಾಕತ್ತೀನಿ, ಕಾಣಸಂಗಿಲ್ಲೇನು? ಸರೀರಿ ಅತ್ಲಾಗ."

ನೆರಳು ಸರಿಯಲಿಲ್ಲ. ಒಂದು ಕೈ ಎತ್ತಿತು, ಇಳಿಸಿತು. ಮತ್ತೆ ಎತ್ತಿತು. ಆಟದ ಸಾಮಾನು ಹೊಸದಾಗಿ ಸಿಕ್ಕವರ ಹಾಗೆ.

"ನೋಡ್ರಿ ನಿಂಬೆವ್ವ," ಎಂದಿತು ಮೈಕಿಗೂ ಕೇಳಿಸದ ಆ ದನಿ, "ನನ್ನದೂ ಬಿತ್ತು."

ನನ್ನ ಕೈಯ ಸೂಜಿ ಎಲ್ಲಿ ಹೋಯಿತೋ, ಇವತ್ತಿಗೂ ಸಿಕ್ಕಿಲ್ಲ. ತಿರುಗಿ ನೋಡಿದರೆ ಬಸ್ಸಿನ ಧೂಳು ಮೈತುಂಬ ಹೊತ್ತುಕೊಂಡು, ಕೈಯಲ್ಲಿ ಒಂದು ಟ್ರಂಕು ಹಿಡಿದು ನಿಂತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಚಹಾದಂಗಡಿಯ ಮುಂದಿನಿಂದ, ಪೇಟೆಯ ನಡುವಿನಿಂದ ನಡೆದು ಬಂದಿದ್ದರಂತೆ. ಯಾರೂ ಗುರುತು ಹಿಡಿಯಲಿಲ್ಲವಂತೆ. ಒಬ್ಬನಂತೂ, "ಪಾತ್ರಿ ಮಾರಾಂವೇನ?" ಎಂದು ಕೇಳಿದನಂತೆ. ಅದನ್ನು ಹೇಳುವಾಗ ಕೆಳತುಟಿ ಕಚ್ಚಿ ನಗು ತಡೆಯುತ್ತಿದ್ದರು.

"ಇಷ್ಟ ದಿನಾ ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದೆ.

"ಇದನ್ನ ಹುಡುಕ್ತಿದ್ದೆ. ಆಯುಕ್ತರ ವರದಿ ಜೊತೆ ಹೋಗಿತ್ತು, ನನಗೆ ತೋರಿಸಿರಲಿಲ್ಲ. ನಕಲು ಸಿಕ್ಕಿದ್ದು ಮೊನ್ನೆ." ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ನಮ್ಮ ಗುಮಾಸ್ತನ ಕೈಬರಹ ದೂರದಿಂದಲೇ ಗೊತ್ತಾಯಿತು. ನನ್ನ ಮುಖ ಬಿಸಿಯಾಯಿತು. ಆ ದಿನ ನಾನು ಆಡಿದ ಒಂದೊಂದು ಮಾತೂ ಅದರಲ್ಲಿತ್ತು, ಬರಕೋರಿ ಎಂದಿದ್ದೂ ಸೇರಿ. ಸಾಹೇಬರು ಕಚೇರಿಯಲ್ಲಿ ಓದುವ ಹಾಗೆ ಗಂಟಲು ಸರಿಮಾಡಿಕೊಂಡು ಓದಿದರು. "ನಿರ್ಣಯ ಸಂಖ್ಯೆ ಹದಿನೇಳು. ಅಧ್ಯಕ್ಷೆಯವರು ನೀಡಿದ ವಿವರಣೆ ತೃಪ್ತಿಕರವಾಗಿಲ್ಲ." ಕಾಗದ ಮಡಚಿದರು. "ನನಗಂತೂ ತೃಪ್ತಿಕರವಾಗಿದೆ."

ಆಮೇಲೆ ಚಪ್ಪಲಿ ಬಿಟ್ಟು, ಕೌದಿಯ ಅಂಚಿಗೆ ಕೂತು, ತುಕ್ಕು ಹಿಡಿದ ತಮ್ಮ ಸೂಜಿಯನ್ನೇ ಎತ್ತಿಕೊಂಡರು. ದಾರವನ್ನು ಒಂದೇ ಸಲಕ್ಕೆ ಪೋಣಿಸಿದರು ಕಳ್ಳ. ಓಣಿಯಲ್ಲಿ ಯಾರೂ ಇರಲಿಲ್ಲ. ಹಲಗೆ ಇಲ್ಲ, ಟ್ರ್ಯಾಕ್ಟರಿಲ್ಲ. ಐದು ಊರಲ್ಲಿ ಯಾರ ಬೆಂಚೂ ಅಲ್ಲಾಡಲಿಲ್ಲ. ಎರಡು ನೆರಳು ಪಕ್ಕಪಕ್ಕಕ್ಕೆ ಕೌದಿಯ ಮೇಲೆ ಬಿದ್ದಿದ್ದವು, ಅವೆರಡರ ತಲೆಗಳು ನಮ್ಮೂರಿನ ಕೆಂಪು ಚೌಕದ ಮೇಲಿದ್ದವು.

ಒಳಗಿಂದ ಅವ್ವ ಕೂಗಿದಳು. "ಯಾರವ್ವಾ ಬಂದಾರು? ಯಾತಕ್ಕ ಬಂದಾರಂತ?"

ನಾನು ಕಣ್ಣೊರೆಸಿಕೊಂಡು, ಆ ಕಡೆ ಈ ಕಡೆಯ ಮನೆಗಳಿಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ, "ಜಿಲ್ಲಾ ಕೇಂದ್ರದ ವಿಷಯಾ ಮಾತಾಡಾಕ ಅವ್ವಾ. ಇವತ್ತ ತೀರ್ಮಾನ ಆತು. ನಮ್ಮನೀನ."